ಶಾಸನಕ್ಕೆ ಮುನ್ನ ಜನರ ಸಾಕ್ಷ್ಯ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬಂದೂಕು ನಿಯಂತ್ರಣದ ಮಸೂದೆಯೊಂದು ಶಾಸನಸಭೆಯ ಮುಂದೆ ಬಂದಾಗ ಒಂದು ಕ್ರಮ ತಪ್ಪದೇ ನಡೆಯುತ್ತದೆ. ಶಾಸಕರ ಸಮಿತಿಯೊಂದು ಸಾರ್ವಜನಿಕ ಅಹವಾಲು ಸಭೆ ಕರೆಯುತ್ತದೆ. ಹೆಸರು ನೋಂದಾಯಿಸಿದವರು ಒಬ್ಬೊಬ್ಬರಾಗಿ ಮೈಕಿನ ಮುಂದೆ ಕುಳಿತು ತಮ್ಮ ಮಾತು ಹೇಳುತ್ತಾರೆ. ಬೇಟೆಗಾರ, ಶಾಲಾ ಶಿಕ್ಷಕಿ, ನಿವೃತ್ತ ಪೊಲೀಸ್ ಅಧಿಕಾರಿ, ಬಂದೂಕು ಮಾರುವ ಅಂಗಡಿಯವ, ಮಗುವನ್ನು ಕಳೆದುಕೊಂಡ ತಾಯಿ - ಎಲ್ಲರಿಗೂ ಸಿಗುವುದು ಎರಡೋ ಮೂರೋ ನಿಮಿಷ. ಸಮಯ ಮುಗಿದೊಡನೆ ಗಂಟೆ ಬಾರಿಸುತ್ತದೆ, ಮುಂದಿನವರ ಸರದಿ.

ಈ ಮೂರು ನಿಮಿಷದ ಮಾತಿಗೆ ನಿಜವಾಗಿಯೂ ಬೆಲೆ ಇದೆಯೇ? ಪಕ್ಷಗಳು ತಮ್ಮ ನಿಲುವನ್ನು ಮೊದಲೇ ತೀರ್ಮಾನಿಸಿರುವಾಗ, ಚುನಾವಣೆಗೆ ಹಣ ಒದಗಿಸುವ ಶಕ್ತಿಗಳು ತೆರೆಯ ಹಿಂದೆ ಕೆಲಸ ಮುಗಿಸಿರುವಾಗ, ಸಾಮಾನ್ಯ ನಾಗರಿಕನ ಸಾಕ್ಷ್ಯ ಬರಿಯ ಶಿಷ್ಟಾಚಾರವಲ್ಲವೇ? ಈ ಪ್ರಶ್ನೆಯನ್ನು ದೂರದ ದೇಶದ ವಿಷಯವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಸಂಸತ್ತು 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಯನ್ನು ತಿದ್ದಿದ ರೀತಿಯನ್ನು ನೋಡಿದರೆ ಅದು ನಮ್ಮ ಪ್ರಶ್ನೆಯೂ ಹೌದು.

ಮೊದಲು ಕನೆಕ್ಟಿಕಟ್ ರಾಜ್ಯದ ಉದಾಹರಣೆ. 2012ರ ಡಿಸೆಂಬರ್ 14ರಂದು ನ್ಯೂಟೌನ್ ಪಟ್ಟಣದ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ 20 ಮಕ್ಕಳು ಹಾಗೂ 6 ಮಂದಿ ಸಿಬ್ಬಂದಿ ಹತ್ಯೆಯಾದರು. ಐದು ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಹಂತಕ 150ಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿದ್ದ. ಅವನ ಕೈಯಲ್ಲಿದ್ದ ಬಂದೂಕು ಕಳ್ಳಮಾಲಲ್ಲ. ಅವನ ತಾಯಿ ಕಾನೂನುಬದ್ಧವಾಗಿಯೇ ಖರೀದಿಸಿದ್ದು. ದುರಂತ ನಡೆದು ಆರು ವಾರಗಳಾದ ಮೇಲೆ, 2013ರ ಜನವರಿ 28ರಂದು, ರಾಜಧಾನಿ ಹಾರ್ಟ್‌ಫರ್ಡ್‌ನಲ್ಲಿ ಶಾಸಕರ ಕಾರ್ಯತಂಡ ಜನರ ಅಹವಾಲು ಕೇಳಲು ಕುಳಿತಿತು. ಬಂದೂಕು ತಯಾರಿಕೆ ಆ ಊರಿಗೆ ಹೊಸದಲ್ಲ. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ಪ್ರಸಿದ್ಧ ಕಾರ್ಖಾನೆಯನ್ನು ಕಟ್ಟಿದ್ದು ಅಲ್ಲಿಯೇ. ಅಂದು ಲೋಹಶೋಧಕ ಯಂತ್ರ ದಾಟಿ ಒಳಹೋಗಲು ಜನ ಸಾಲುಗಟ್ಟಿ ನಿಂತರು. ಸಭೆ ತಡರಾತ್ರಿಯವರೆಗೆ ನಡೆಯಿತು. ಎರಡು ದಿನಗಳ ಬಳಿಕ ಶಾಸಕರು ತಾವಾಗಿಯೇ ನ್ಯೂಟೌನ್‌ನ ಪ್ರೌಢಶಾಲೆಗೆ ಹೋಗಿ ಅಲ್ಲಿಯ ಜನರ ಮಾತು ಕೇಳಿದರು.

ಹಾರ್ಟ್‌ಫರ್ಡ್ ಸಭೆಯ ಎರಡು ಸಾಕ್ಷ್ಯಗಳನ್ನು ಇಲ್ಲಿ ಪ್ರಸ್ತಾಪಿಸಬೇಕು. ಆ ಶಾಲೆಯಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಸಭಾಂಗಣದತ್ತ ತಿರುಗಿ, ಇಂಥ ಸೈನಿಕ ಮಾದರಿಯ ಬಂದೂಕು ಸಾಮಾನ್ಯ ಮನುಷ್ಯನಿಗೆ ಏಕೆ ಬೇಕೆಂಬುದಕ್ಕೆ ಒಂದೇ ಒಂದು ಕಾರಣ ಕೊಡಬಲ್ಲವರಿದ್ದಾರೆಯೇ ಎಂದು ಕೇಳಿದರು. ಒಂದು ಕ್ಷಣ ಮೌನ. ಯಾರೂ ಉತ್ತರಿಸಲಿಲ್ಲವೆಂದು ಅವರು ಹೇಳುತ್ತಿದ್ದಂತೆ ಕೆಲವರು ಸಂವಿಧಾನದ ಎರಡನೆಯ ತಿದ್ದುಪಡಿಯ ಹೆಸರೆತ್ತಿ ಕೂಗಿದರು. ದುಃಖತಪ್ತ ತಂದೆಯನ್ನು ಜನ ಹೀಯಾಳಿಸಿದರೆಂದು ಒಂದು ಪಕ್ಷ, ಕೇಳಿದ ಪ್ರಶ್ನೆಗೆ ಉತ್ತರಿಸಿದರೆಂದು ಇನ್ನೊಂದು ಪಕ್ಷ. ಇದು ವಾರಗಟ್ಟಲೆ ಚರ್ಚೆಯಾಯಿತು.

ಅದೇ ದಿನ, ಅದೇ ಶಾಲೆಯಲ್ಲಿ ಮಗನನ್ನು ಕಳೆದುಕೊಂಡ ಇನ್ನೊಬ್ಬ ತಂದೆಯೂ ಮಾತನಾಡಿದರು. ಹೊಸ ಕಾನೂನುಗಳ ಅಗತ್ಯವಿಲ್ಲ, ಇರುವ ಕಾನೂನುಗಳನ್ನು ಸರಿಯಾಗಿ ಜಾರಿಗೊಳಿಸಿ ಎಂಬುದು ಅವರ ವಾದದ ಸಾರ. ಬಂದೂಕು ಮಾಲೀಕರು ಅವರಿಗೆ ಚಪ್ಪಾಳೆ ತಟ್ಟಿದರು.

ಈ ಎರಡು ಸಾಕ್ಷ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಅಹವಾಲು ಸಭೆಯ ನಿಜವಾದ ಅರ್ಥ ಹೊಳೆಯುತ್ತದೆಂದು ನನಗನ್ನಿಸುತ್ತದೆ. ಸಂತ್ರಸ್ತರ ಹೆಸರಿನಲ್ಲಿ ಮಾತನಾಡುವವರು ಎಲ್ಲ ದೇಶಗಳಲ್ಲೂ ಬಹಳ ಮಂದಿ. ಸಂತ್ರಸ್ತರಿಗೆಲ್ಲ ಒಂದೇ ಅಭಿಪ್ರಾಯವಿದೆಯೆಂದು ಅವರು ಸುಲಭವಾಗಿ ಭಾವಿಸಿಬಿಡುತ್ತಾರೆ. ಅವರನ್ನೇ ಕರೆದು ಕೂರಿಸಿ ಕೇಳಿದಾಗ ಆ ಭಾವನೆ ಕುಸಿದುಬೀಳುತ್ತದೆ. ದುಃಖ ಒಂದೇ ಆದರೂ ಅದರಿಂದ ಇಬ್ಬರು ತಂದೆಯರು ಪಡೆದ ತೀರ್ಮಾನ ಬೇರೆಬೇರೆ. ಆದ್ದರಿಂದ ದುಃಖವೇ ವಾದವಾಗಲಾರದು, ನಿಜ. ಆದರೆ ದುಃಖದಲ್ಲಿರುವವರಿಗೆ ಗೊತ್ತಿರುವ ಸಂಗತಿಗಳು ಅಂಕಿಅಂಶದ ಕೋಷ್ಟಕದಲ್ಲಿ ಇರುವುದಿಲ್ಲವೆಂಬುದೂ ಅಷ್ಟೇ ನಿಜ. ಹಂತಕ ಬಂದೂಕಿಗೆ ಮತ್ತೆ ಗುಂಡು ತುಂಬಿಸಲು ನಿಂತ ಆ ಕೆಲವು ಕ್ಷಣಗಳಲ್ಲಿ ಒಂದಷ್ಟು ಮಕ್ಕಳು ಓಡಿ ಬದುಕಿಕೊಂಡಿರಬಹುದೆಂದು ಪೋಷಕರು ಹೇಳಿದಾಗ, ಒಂದು ಮ್ಯಾಗಝೀನಿನಲ್ಲಿ ಎಷ್ಟು ಗುಂಡುಗಳಿರಬೇಕೆಂಬ ಶುಷ್ಕ ತಾಂತ್ರಿಕ ಪ್ರಶ್ನೆಗೆ ಜೀವದ ಅರ್ಥ ಬಂದಿತು.

ಕನೆಕ್ಟಿಕಟ್ ಶಾಸನಸಭೆ ಮುಂದೆ ಮಾಡಿದ ಕಾನೂನು 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಝೀನುಗಳ ಮಾರಾಟವನ್ನು ನಿಷೇಧಿಸಿತು. ಬಂದೂಕಿನ ಎಲ್ಲ ಮಾರಾಟಕ್ಕೂ ಖರೀದಿದಾರನ ಹಿನ್ನೆಲೆ ಪರಿಶೀಲನೆಯನ್ನು ಕಡ್ಡಾಯಗೊಳಿಸಿತು. ನಿಷೇಧಿತ ಬಂದೂಕುಗಳ ಪಟ್ಟಿಯನ್ನು ಹಿಗ್ಗಿಸಿತು. ಸೆನೆಟ್‌ನಲ್ಲಿ 26-10, ಕೆಳಮನೆಯಲ್ಲಿ 105-44 ಮತಗಳಿಂದ, ಎರಡೂ ಪಕ್ಷಗಳ ಸದಸ್ಯರ ಬೆಂಬಲದೊಡನೆ ಅದು ಅಂಗೀಕಾರವಾಯಿತು. 2013ರ ಏಪ್ರಿಲ್ 4ರಂದು ಗವರ್ನರ್ ಸಹಿ ಹಾಕಿದರು.

ಸಂದೇಹವಾದಿಗಳು ಇದಕ್ಕೆ ಪ್ರತಿಯಾಗಿ ವಾಷಿಂಗ್ಟನ್‌ನತ್ತ ಬೊಟ್ಟು ಮಾಡುತ್ತಾರೆ. ಅದೇ ಜನವರಿ 30ರಂದು ಅಮೆರಿಕದ ಸೆನೆಟ್‌ನ ನ್ಯಾಯಾಂಗ ಸಮಿತಿಯ ಮುಂದೆ ಮಾಜಿ ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಕುಳಿತಿದ್ದರು. 2011ರ ಜನವರಿಯಲ್ಲಿ ಟೂಸಾನ್ ನಗರದಲ್ಲಿ ಆರು ಜನರನ್ನು ಬಲಿ ತೆಗೆದುಕೊಂಡ ದಾಳಿಯಲ್ಲಿ ತಲೆಗೆ ಗುಂಡೇಟು ತಿಂದು ಬದುಕುಳಿದವರು ಅವರು. ಮಾತೇ ಕಷ್ಟವಾಗಿದ್ದ ಆ ಸ್ಥಿತಿಯಲ್ಲಿ ಕೆಲವೇ ವಾಕ್ಯಗಳಲ್ಲಿ ಧೈರ್ಯ ತೋರಿರೆಂದು ಸದಸ್ಯರನ್ನು ಬೇಡಿಕೊಂಡರು. ರಾಷ್ಟ್ರೀಯ ರೈಫಲ್ ಸಂಘದ ವೇಯ್ನ್ ಲಾಪಿಯರ್ ಅದೇ ಸಭೆಯಲ್ಲಿ ಅಪರಾಧಿಗಳು ಹಿನ್ನೆಲೆ ಪರಿಶೀಲನೆಗೆ ಒಳಗಾಗುವುದೇ ಇಲ್ಲವೆಂದು ವಾದಿಸಿದರು. ಏಪ್ರಿಲ್ 17ರಂದು ಹಿನ್ನೆಲೆ ಪರಿಶೀಲನೆಯನ್ನು ವಿಸ್ತರಿಸುವ ತಿದ್ದುಪಡಿಗೆ ಸೆನೆಟ್‌ನಲ್ಲಿ 54 ಮತಗಳು ಬಿದ್ದವು, ಬೇಕಾಗಿದ್ದುದು 60. ಬಹುಮತವಿದ್ದೂ ಪ್ರಸ್ತಾವ ಸೋತಿತು. ಹಾಗಾದರೆ ಗಿಫರ್ಡ್ಸ್ ಸಾಕ್ಷ್ಯ ವ್ಯರ್ಥವಾಯಿತೇ?

ಮತಗಳ ಲೆಕ್ಕದಲ್ಲಿ ವ್ಯರ್ಥವೆಂದೇ ಹೇಳಬೇಕು. ಆದರೆ ಸಾಕ್ಷ್ಯದ ಕೆಲಸ ಆ ಒಂದು ಮತದಾನದೊಂದಿಗೆ ಮುಗಿಯುವುದಿಲ್ಲ. ಸಮಿತಿಯ ಮುಂದೆ ಆಡಿದ ಮಾತು ಕಡತ ಸೇರುತ್ತದೆ. ಯಾರು ಏನು ಹೇಳಿದರು, ಯಾವ ಶಾಸಕ ಏನು ಕೇಳಿದ, ಎಲ್ಲವನ್ನೂ ತಿಳಿದ ಮೇಲೂ ಯಾರು ಯಾವ ಕಡೆಗೆ ಮತ ಹಾಕಿದರು ಎಂಬುದು ದಾಖಲೆಯಾಗಿ ಉಳಿಯುತ್ತದೆ. ತನಗೆ ಗೊತ್ತಿರಲಿಲ್ಲವೆಂದು ಹೇಳುವ ಅವಕಾಶವನ್ನು ಅದು ಜನಪ್ರತಿನಿಧಿಯಿಂದ ಕಸಿದುಕೊಳ್ಳುತ್ತದೆ. ನ್ಯಾಯಾಲಯದಲ್ಲಿಯೂ ಅದಕ್ಕೆ ಬೆಲೆಯಿತ್ತು. ಕನೆಕ್ಟಿಕಟ್ ಕಾನೂನಿನ ಮುಖ್ಯಾಂಶಗಳನ್ನು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿದಾಗ, ನಿರ್ಬಂಧ ಸಾರ್ವಜನಿಕ ಸುರಕ್ಷತೆಯ ಉದ್ದೇಶಕ್ಕೆ ತಕ್ಕುದಾಗಿದೆಯೇ ಎಂಬುದು ಪರಿಶೀಲನೆಯ ಭಾಗವಾಗಿತ್ತು. 2022ರ ಬ್ರೂಯೆನ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಮಾನದಂಡವನ್ನೇ ಬದಲಿಸಿತು. ಬಂದೂಕಿನ ಕಾನೂನು ದೇಶದ ಚಾರಿತ್ರಿಕ ಪರಂಪರೆಗೆ ಹೊಂದುತ್ತದೆಯೇ ಎಂಬುದೇ ಇಂದು ಮುಖ್ಯ ಪ್ರಶ್ನೆ. ಬದುಕಿರುವವರ ಸಾಕ್ಷ್ಯಕ್ಕಿಂತ ಎರಡು ಶತಮಾನಗಳ ಹಿಂದಿನ ನಿಯಮಗಳಿಗೆ ಹೆಚ್ಚು ತೂಕ ಕೊಡುವ ಈ ಬದಲಾವಣೆ, ಶಾಸನಸಭೆಯ ಅಹವಾಲಿನ ಮಹತ್ವವನ್ನು ಎಷ್ಟರಮಟ್ಟಿಗೆ ಕುಗ್ಗಿಸುತ್ತದೆಂಬುದು ಚಿಂತೆಯ ವಿಷಯ.

ಇದಕ್ಕೆ ವಿರುದ್ಧ ದಿಕ್ಕಿನ ಪಾಠ ನ್ಯೂಜಿಲೆಂಡ್‌ನದು. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳ ಮೇಲೆ ನಡೆದ ದಾಳಿಯಲ್ಲಿ 51 ಮಂದಿ ಪ್ರಾಣ ತೆತ್ತರು. ಪ್ರಧಾನಿ ಜೆಸಿಂಡಾ ಆರ್ಡರ್ನ್ ಆರೇ ದಿನಗಳಲ್ಲಿ ಸೈನಿಕ ಮಾದರಿಯ ಅರೆಸ್ವಯಂಚಾಲಿತ ಬಂದೂಕುಗಳ ನಿಷೇಧವನ್ನು ಘೋಷಿಸಿದರು. ಏಪ್ರಿಲ್ ಮೊದಲ ವಾರದಲ್ಲಿ ಮಸೂದೆ ಸಮಿತಿಗೆ ಹೋಯಿತು. ಸಾರ್ವಜನಿಕರ ಅಭಿಪ್ರಾಯಕ್ಕೆ ಸಿಕ್ಕಿದ್ದು ಹೆಚ್ಚುಕಡಿಮೆ ಎರಡು ದಿನ. ಅಷ್ಟರಲ್ಲೇ 13,000ದಷ್ಟು ಲಿಖಿತ ಅಭಿಪ್ರಾಯಗಳು ಬಂದವು. ಸಮಿತಿಯ ಮುಂದೆ ಬಂದು ಮಾತನಾಡುವ ಅವಕಾಶ ಸಿಕ್ಕಿದ್ದು ಕೆಲವರಿಗೆ ಮಾತ್ರ. ಏಪ್ರಿಲ್ 10ರಂದು 119-1 ಮತಗಳಿಂದ ಮಸೂದೆ ಅಂಗೀಕಾರವಾಯಿತು. ವಿರೋಧಿಸಿದ ಏಕೈಕ ಸದಸ್ಯ ಡೇವಿಡ್ ಸೀಮೋರ್ ಅವರ ಮುಖ್ಯ ಆಕ್ಷೇಪ ಈ ಅವಸರದ ಕುರಿತಾಗಿತ್ತು. ವರ್ಷಾಂತ್ಯದ ವೇಳೆಗೆ ಸರ್ಕಾರ ಪರಿಹಾರ ಕೊಟ್ಟು 56,000ಕ್ಕೂ ಹೆಚ್ಚು ಬಂದೂಕುಗಳನ್ನು ಹಿಂಪಡೆಯಿತು.

ಆ ನಿಷೇಧ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಆದರೆ ಸರಿಯಾದ ಕಾನೂನಿಗೂ ಸರಿಯಾದ ದಾರಿ ಬೇಕು. ತಮ್ಮ ಮಾತನ್ನು ಯಾರೂ ಕೇಳಲಿಲ್ಲವೆಂಬ ಅಸಮಾಧಾನ ಅಲ್ಲಿಯ ಪರವಾನಗಿದಾರರಲ್ಲಿ ಉಳಿದುಹೋಯಿತು. ಆಗ ಅವರ ಸಂಘಟನೆಯ ವಕ್ತಾರೆಯಾಗಿದ್ದ ನಿಕೋಲ್ ಮೆಕ್ಕೀ 2020ರಲ್ಲಿ ಸೀಮೋರ್ ಅವರ ಪಕ್ಷದಿಂದಲೇ ಸಂಸತ್ತಿಗೆ ಬಂದರು. 2023ರಲ್ಲಿ ಸರ್ಕಾರ ಬದಲಾದಾಗ ಬಂದೂಕು ಕಾನೂನಿನ ಹೊಣೆ ಹೊತ್ತ ಸಚಿವೆಯೂ ಆದರು. ಪ್ರಜಾಪ್ರಭುತ್ವದಲ್ಲಿ ಇದು ನ್ಯಾಯವಾದ ದಾರಿಯೇ. ಆದರೆ ಎರಡು ದಿನದಲ್ಲಿ ಮುಗಿಸಿದ ಚರ್ಚೆ ನಿಜವಾಗಿ ಮುಗಿಯುವುದಿಲ್ಲ, ಬೇರೆ ರೂಪದಲ್ಲಿ ಮರಳಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ವಿರೋಧಿಸುವವರ ಮಾತನ್ನು ಪೂರ್ತಿಯಾಗಿ ಕೇಳುವುದು ಅವರಿಗೆ ಮಾಡುವ ಉಪಕಾರವಲ್ಲ. ಅದು ಕಾನೂನಿನ ಆಯುಸ್ಸಿಗೆ ಮಾಡಿಕೊಳ್ಳುವ ಭದ್ರತೆ.

ಇನ್ನು ನಮ್ಮ ಮನೆಯ ಕಡೆ ನೋಡೋಣ. ಶಸ್ತ್ರಾಸ್ತ್ರಗಳು ನಮ್ಮ ಸಂವಿಧಾನದಲ್ಲಿ ಕೇಂದ್ರಪಟ್ಟಿಗೆ ಸೇರಿದ ವಿಷಯ. ಆದ್ದರಿಂದ 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ತಿದ್ದುವ ಅಧಿಕಾರ ಸಂಸತ್ತಿನದು. 2019ರ ನವೆಂಬರ್ 29ರಂದು ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಡಿಸೆಂಬರ್ 9ರಂದು ಲೋಕಸಭೆ, ಮರುದಿನ ರಾಜ್ಯಸಭೆ ಅದನ್ನು ಅಂಗೀಕರಿಸಿದವು. ನಡುವೆ ಅದನ್ನು ಯಾವ ಸ್ಥಾಯಿ ಸಮಿತಿಗಾಗಲಿ, ಆಯ್ಕೆ ಸಮಿತಿಗಾಗಲಿ ಒಪ್ಪಿಸಲಿಲ್ಲ. ನ್ಯೂಜಿಲೆಂಡ್‌ಗೆ ಒಂದು ಭೀಕರ ಹತ್ಯಾಕಾಂಡದ ತುರ್ತಾದರೂ ಇತ್ತು. ಅಲ್ಲಿ ಎರಡು ದಿನವಾದರೂ ಜನರ ಮಾತಿಗೆ ಬಾಗಿಲು ತೆರೆದಿತ್ತು. ನಮಗೆ ಅಂಥ ತುರ್ತೂ ಇರಲಿಲ್ಲ, ಆ ಎರಡು ದಿನವೂ ಸಿಗಲಿಲ್ಲ.

ಮಸೂದೆಯಲ್ಲಿದ್ದ ಒಂದು ಅಂಶವನ್ನೇ ನೋಡಿ. ಅದುವರೆಗೆ ಒಬ್ಬ ಪರವಾನಗಿದಾರ ಮೂರು ಬಂದೂಕುಗಳನ್ನು ಇಟ್ಟುಕೊಳ್ಳಬಹುದಿತ್ತು. ಮಂಡನೆಯಾದ ಮಸೂದೆ ಅದನ್ನು ಒಂದಕ್ಕೆ ಇಳಿಸಿತ್ತು. ಅಂಗೀಕಾರವಾದ ಕಾಯ್ದೆಯಲ್ಲಿ ಅದು ಎರಡಾಯಿತು. ಮೂರು ಏಕೆ ಒಂದಾಗಬೇಕಿತ್ತು, ಒಂದು ಏಕೆ ಎರಡಾಯಿತು? ಆಕ್ಷೇಪಗಳು ಬಂದವು, ಸರ್ಕಾರ ಮಣಿಯಿತು ಎಂಬಷ್ಟು ನಮಗೆ ಗೊತ್ತು. ಒಂದು ಅಹವಾಲು ಸಭೆ ನಡೆದಿದ್ದರೆ, ಯಾರು ಯಾವ ಕಾರಣ ಕೊಟ್ಟರು, ಆ ಕಾರಣಕ್ಕೆ ಎದುರುವಾದವೇನು ಎಂಬುದು ಎಲ್ಲರಿಗೂ ಕಾಣುವಂತೆ ದಾಖಲಾಗುತ್ತಿತ್ತು. ಬಾಗಿಲು ಮುಚ್ಚಿದಾಗ ಪ್ರಭಾವ ನಿಂತುಹೋಗುವುದಿಲ್ಲ. ದಿಲ್ಲಿಯ ದಾರಿ ಗೊತ್ತಿದ್ದವರ ಪ್ರಭಾವ ಮಾತ್ರ ಉಳಿದುಕೊಳ್ಳುತ್ತದೆ.

ದಿಲ್ಲಿಯ ದಾರಿ ಗೊತ್ತಿಲ್ಲದವರು ಯಾರು? ಉತ್ತರ ಭಾರತದ ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಹಾರಿಸಿದ ಗುಂಡಿಗೆ ಬಲಿಯಾದವರ ಮನೆಯವರು. ಅದೇ 2019ರ ಕಾಯ್ದೆ ಅಂಥ ಕೃತ್ಯಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಿತು. ಅದು ಸಾಕೇ, ಹೆಚ್ಚೇ ಎಂದು ಆ ಮನೆಯವರನ್ನು ಸದನದ ಸಮಿತಿಯೊಂದು ಕೇಳಲಿಲ್ಲ. ನಮ್ಮ ಮಲೆನಾಡಿನ ರೈತರೂ ಈ ಸಾಲಿಗೆ ಸೇರುತ್ತಾರೆ. ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಕೋವಿಗೆ ಪರವಾನಗಿ ಪಡೆದವರು ಪ್ರತಿ ಚುನಾವಣೆಯಲ್ಲೂ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಮತ ಎಣಿಕೆ ಮುಗಿಯುವವರೆಗೆ ತೋಟದ ಹಾನಿಯನ್ನು ನೋಡುತ್ತ ಕೂರಬೇಕು. ಇನ್ನೊಂದೆಡೆ, ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆಯ 2018ರ ಅಂದಾಜಿನಂತೆ ಭಾರತದ ನಾಗರಿಕರ ಬಳಿ ಸುಮಾರು 7 ಕೋಟಿ ಬಂದೂಕುಗಳಿದ್ದು, ಅವುಗಳಲ್ಲಿ ನೋಂದಣಿಯಾದವು ಒಂದು ಕೋಟಿಗಿಂತ ಕಡಿಮೆ. ಲೆಕ್ಕಕ್ಕೆ ಸಿಗುವವನ ಮೇಲೆಯೇ ನಿಯಮದ ಭಾರವೆಲ್ಲ ಬೀಳುತ್ತದೆಯೇ? ಕಳ್ಳ ಬಂದೂಕಿನ ಪಿಡುಗಿಗೆ ಏನು ಮದ್ದು? ಠಾಣೆಯ ಪೇದೆಯಿಂದ ತೋಟದ ರೈತನವರೆಗೆ ಇದಕ್ಕೆ ಉತ್ತರ ಹೇಳಬಲ್ಲವರು ಇದ್ದಾರೆ, ಕೇಳುವ ವೇದಿಕೆಯಿಲ್ಲ.

ವೇದಿಕೆಯೇ ಇಲ್ಲವೆಂದರೆ ಪೂರ್ಣ ಸತ್ಯವಾಗದು. ನಮ್ಮ ಸಂಸದೀಯ ಸಮಿತಿಗಳಿಗೆ ಸಾಕ್ಷಿಗಳನ್ನು ಕರೆಸುವ, ಸಾರ್ವಜನಿಕರಿಂದ ಮನವಿ ಪಡೆಯುವ ಅಧಿಕಾರವಿದೆ. ಕರಡು ಮಸೂದೆಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2014ರಲ್ಲಿಯೇ ರೂಪಿಸಿದೆ. ಆದರೆ 15ನೇ ಲೋಕಸಭೆಯ ಅವಧಿಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದರೆ, 17ನೇ ಲೋಕಸಭೆಯ ಅವಧಿಯಲ್ಲಿ ಆ ಪ್ರಮಾಣ ಶೇ 16ಕ್ಕೆ ಕುಸಿಯಿತು. ಸಾಧನವಿದೆ, ಬಳಸುವ ಮನಸ್ಸಿಲ್ಲ.

ಮನಸ್ಸಿದ್ದಾಗ ಏನಾಗಬಹುದೆಂಬುದನ್ನೂ ನಾವು ಕಂಡಿದ್ದೇವೆ. ದಿಲ್ಲಿಯ ಅತ್ಯಾಚಾರ ಪ್ರಕರಣದ ಬೆನ್ನಲ್ಲೇ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಸುಮಾರು 80,000 ಸಲಹೆಗಳನ್ನು ಪಡೆದು, 2013ರ ಜನವರಿಯಲ್ಲಿ, ಒಂದು ತಿಂಗಳೊಳಗೆ ವರದಿ ನೀಡಿತು. 2010ರಲ್ಲಿ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಬಿ.ಟಿ. ಬದನೆಯ ಬಗ್ಗೆ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿದರು. ಕೊನೆಯ ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಗದ್ದಲ, ಘೋಷಣೆ ಎಲ್ಲವೂ ಇದ್ದವು. ಆದರೆ ಫೆಬ್ರುವರಿ 9ರಂದು ತಡೆಯ ತೀರ್ಮಾನ ಪ್ರಕಟಿಸುವಾಗ ಸಚಿವರು ತಮ್ಮ ಕಾರಣಗಳನ್ನು ವಿವರವಾಗಿ ಲಿಖಿತ ರೂಪದಲ್ಲಿ ಮುಂದಿಟ್ಟರು. ಆ ತೀರ್ಮಾನವನ್ನು ಒಪ್ಪದವರಿಗೂ ಯಾವುದನ್ನು ಒಪ್ಪುತ್ತಿಲ್ಲವೆಂಬುದು ಸ್ಪಷ್ಟವಾಗಿತ್ತು.

ಅಹವಾಲು ಸಭೆಗಳ ದೋಷಗಳನ್ನು ನಾನು ಬಲ್ಲೆ. ಯೋಜನೆಗಳ ಪರಿಸರ ಅಹವಾಲು ಸಭೆಗಳಲ್ಲಿ ಕುಳಿತವರಿಗೆಲ್ಲ ಅದು ಗೊತ್ತಿರುವ ಸಂಗತಿ. ಲಾರಿಯಲ್ಲಿ ಜನರನ್ನು ತರುವುದು, ಮುಂದಿನ ಸಾಲನ್ನು ಬಾಡಿಗೆ ಬೆಂಬಲಿಗರಿಂದ ತುಂಬುವುದು, ವಿರೋಧಿಸುವವರ ಮೈಕು ಕಸಿಯುವುದು, ಜನರಿಗೆ ಅರ್ಥವಾಗದ ಭಾಷೆಯಲ್ಲಿ ವರದಿ ಹಂಚುವುದು - ಇವೆಲ್ಲ ನಡೆಯುತ್ತವೆ. ಇದರಿಂದ ಸಭೆಯೇ ಬೇಡವೆನ್ನುವುದು ಸರಿಯಲ್ಲ. ಅದಕ್ಕೊಂದು ಶಿಸ್ತು ಬೇಕು. ಸಭೆಯ ದಿನಾಂಕ ಮುಂಚಿತವಾಗಿ ತಿಳಿದಿರಬೇಕು. ಮಸೂದೆ ಆಯಾ ರಾಜ್ಯದ ಭಾಷೆಯಲ್ಲಿ ದೊರೆಯಬೇಕು. ಮಂತ್ರಿಗೂ ಕೂಲಿಗೂ ಮಾತಿನ ಸಮಯ ಒಂದೇ ಆಗಿರಬೇಕು. ಸಮಿತಿಯ ಸದಸ್ಯರು ಸುಮ್ಮನೆ ಕೂರದೆ ಪ್ರಶ್ನೆ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಸಲಹೆಯನ್ನು ಒಪ್ಪಿದೆವು, ಯಾವುದನ್ನು ಏಕೆ ತಳ್ಳಿಹಾಕಿದೆವು ಎಂದು ಸಮಿತಿ ಬರೆದು ಪ್ರಕಟಿಸಬೇಕು. ಈ ಕೊನೆಯ ಕರ್ತವ್ಯವಿಲ್ಲದ ಸಭೆ ನಾಟಕವೇ ಸರಿ.

ಇದನ್ನು ಆಚರಣೆಗೆ ತರಲು ನಮ್ಮ ರಾಜ್ಯದಲ್ಲೇ ಒಂದು ಸಂದರ್ಭ ಸಿದ್ಧವಾಗುತ್ತಿದೆ. ಕೊಡಗಿನಲ್ಲಿ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಕೆಲವು ಬಗೆಯ ಬಂದೂಕುಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಹುಟ್ಟು ಸಾವುಗಳೆರಡನ್ನೂ ಕೋವಿಯ ಸದ್ದಿನಿಂದ ಸಾರುವ, ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜಿಸುವ ಆ ನಾಡಿಗೆ ಅದು ಪರಂಪರೆಯ ಗುರುತು. ಜಾತಿ ಮತ್ತು ಹಿಡುವಳಿಯ ಆಧಾರದ ವಿನಾಯಿತಿ ಸಮಾನತೆಗೆ ವಿರುದ್ಧವೆಂದು ಪ್ರಶ್ನಿಸಿದವರೂ ಇದ್ದಾರೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಗಳಿಗೆ ವಿಸ್ತರಿಸಿದ ಈ ಸೌಲಭ್ಯದ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಅದು ಮುಂದುವರಿಯಬೇಕೇ, ಬದಲಾಗಬೇಕೇ ಎಂಬುದನ್ನು ಒಂದು ಅಧಿಸೂಚನೆಯಷ್ಟೇ ತೀರ್ಮಾನಿಸಬಲ್ಲದು. ಕಾಯ್ದೆಯ ಪ್ರಕಾರ ಅದಕ್ಕೆ ಸಾರ್ವಜನಿಕ ಅಹವಾಲು ಕಡ್ಡಾಯವೇನಲ್ಲ.

ಕಡ್ಡಾಯವಲ್ಲದಿದ್ದರೂ ಸಂಸತ್ತಿನ ಸಮಿತಿಯೊಂದು ಆ ಗಡುವಿಗೆ ಮುನ್ನ ಮಡಿಕೇರಿಯಲ್ಲಿ ಬಂದು ಕೂರಲಿ. ಕೋವಿಯನ್ನು ಕುಟುಂಬದ ಸದಸ್ಯನಂತೆ ಕಾಣುವ ಕೊಡವರು ಬರಲಿ. ಅದೇ ಮಣ್ಣಿನಲ್ಲಿ ದುಡಿದೂ ಆ ಹಕ್ಕಿಲ್ಲದವರು ಬರಲಿ. ಕಾಡುಪ್ರಾಣಿಗಳ ಹಾವಳಿಗೆ ಬೆಳೆ ಕಳೆದುಕೊಂಡವರು, ಬಂದೂಕಿನಿಂದ ಮನೆಯವರನ್ನು ಕಳೆದುಕೊಂಡವರು ಬರಲಿ. ತೀರ್ಮಾನ ಏನೇ ಆಗಲಿ, ಅದಕ್ಕೆ ಕಾರಣವೇನೆಂದು ಬರೆದಿಡಲಿ. ವಿನಾಯಿತಿ ಮುಂದುವರಿದರೂ ನಿಂತರೂ ಒಂದು ಪಕ್ಷಕ್ಕೆ ಅಸಮಾಧಾನ ಖಂಡಿತ. ಆದರೆ ತನ್ನ ಮಾತನ್ನು ಕೇಳಿಸಿಕೊಂಡು ತೆಗೆದುಕೊಂಡ ಪ್ರತಿಕೂಲ ತೀರ್ಮಾನವನ್ನು ನಾಗರಿಕ ಸಹಿಸಬಲ್ಲ. ಕೇಳದೆ ಮಾಡಿದ ಅನುಕೂಲವನ್ನೂ ಅವನು ಪೂರ್ತಿ ನಂಬಲಾರ.